ಹಳೆ ಕಾರಿನೊಳಗೆ ಹೊಗೆ ವಾಸನೆ ಬರ್ತಿದೆ. ಎಲ್ಲಿಂದ ಅಂತ ಪತ್ತೆ ಹಚ್ಚೋದು ಹೇಗೆ?

ವಾಸನೆ ಯಾವಾಗ ಬರುತ್ತದೆ ಅಂತ ಮೊದಲು ನೋಡಿ. ನಿಂತಾಗ ಬಂದರೆ ಸಾಮಾನ್ಯವಾಗಿ ಎಂಜಿನ್ ಕಡೆ ಸೋರಿಕೆ, ಓಡುವಾಗ ಬಂದರೆ ಡಿಕ್ಕಿ ಕಡೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಪರೀಕ್ಷೆ ಮಾಡಬೇಡಿ, ಅಲ್ಲಿ ಮುಂದಿನ ಬಸ್ಸಿನ ಹೊಗೆಯೂ ಒಳಗೆ ಬರುತ್ತದೆ. ಖಾಲಿ ಮೈದಾನ ಒಳ್ಳೆಯದು.

ಕಾರು ಓಡುವಾಗ ಅದರ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಸೈಲೆನ್ಸರ್ ಬಿಟ್ಟ ಹೊಗೆ ಅಲ್ಲೇ ಸುತ್ತುತ್ತದೆ. ಡಿಕ್ಕಿಯ ರಬ್ಬರ್ ಬೀಡಿಂಗ್ ಒಣಗಿ ಬಿರುಕು ಬಿಟ್ಟಿದ್ದರೆ ಆ ಸಂದಿಯಿಂದ ಒಳಗೆ ನುಗ್ಗುತ್ತದೆ. ಬೀಡಿಂಗ್ ಮೇಲೆ ಒಂದು ಕಾಗದದ ಪಟ್ಟಿ ಇಟ್ಟು ಡಿಕ್ಕಿ ಮುಚ್ಚಿ, ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ಸಂದಿ ಇದೆ. ಸುತ್ತಲೂ ಹೀಗೇ ನೋಡಿ. ಹೊಸ ಬೀಡಿಂಗ್ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹುಡುಕಬಹುದು.

ಎಂಜಿನ್ ಕಡೆಯದಾದರೆ, ಬೆಳಿಗ್ಗೆ ತಣ್ಣಗಿದ್ದಾಗಲೇ ಬಾನೆಟ್ ತೆರೆದು ಸ್ಟಾರ್ಟ್ ಮಾಡಿಸಿ. ಎಂಜಿನ್ನಿಗೆ ಹೊಗೆ ಕೊಳವೆ ಸೇರುವ ಜಾಗದಲ್ಲಿ ಟಿಕ್ ಟಿಕ್ ಸದ್ದು, ಕಪ್ಪು ಮಸಿ ಇದ್ದರೆ ಅಲ್ಲಿನ ಗ್ಯಾಸ್ಕೆಟ್ (ಸಂದಿ ಮುಚ್ಚುವ ತೆಳು ಪದರ) ಹೋಗಿದೆ. ಬಿಸಿಯಾದರೆ ಲೋಹ ಹಿಗ್ಗಿ ಸದ್ದು ನಿಂತುಬಿಡಬಹುದು, ಅದಕ್ಕೇ ಬೆಳಿಗ್ಗೆ. ಆ ಹೊಗೆ ಮುಂದಿನ ಗಾಜಿನ ಬುಡದ ಗಾಳಿಕಿಂಡಿಯಿಂದ ಒಳಗೆ ಬರುತ್ತದೆ. ಕೆಳಗಿನ ಪೈಪಿನ ಜೋಡಣೆಗಳಿಗೆ ಸೋಪು ನೀರು ಸಿಂಪಡಿಸಿದರೆ ಗುಳ್ಳೆ ಏಳುವ ಕಡೆ ಸೋರಿಕೆ. ಇದನ್ನು ಮೆಕ್ಯಾನಿಕ್ ಕೈಲೇ ಮಾಡಿಸಿ, ಜಾಕ್ ಮೇಲಿನ ಕಾರಿನಡಿ ಸುಮ್ನೆ ನುಸುಳಬೇಡಿ.

ದಯವಿಟ್ಟು ತಡ ಮಾಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಿಷ, ಅದಕ್ಕೆ ವಾಸನೆಯೇ ಇಲ್ಲ. ತಲೆನೋವು, ತಲೆಸುತ್ತು ಬಂದರೆ ಕಾರು ನಿಲ್ಲಿಸಿ ಎಲ್ಲರೂ ಹೊರಗಿಳಿಯಿರಿ. ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಎಂಜಿನ್ ಆನ್ ಇಟ್ಟು ಕೂರಲೇಬೇಡಿ.