ನೌಕಾಪಡೆಯಲ್ಲಿ ವಿಮಾನ ಹಾರಿಸುವವರು ಮುಖ್ಯಸ್ಥರ ಹುದ್ದೆಗೆ ಏರಬಲ್ಲರೇ?

ಏರಬಲ್ಲರು. ಅಡ್ಮಿರಲ್ ಆರ್. ಎಚ್. ತಹಿಲಿಯಾನಿ ಅವರನ್ನೇ ನೋಡಿ. 1961ರ ಮೇ 18ರಂದು ಭಾರತದ ಮೊದಲ ವಿಮಾನವಾಹಕ ಹಡಗಾದ ವಿಕ್ರಾಂತ್ ಮೇಲೆ ಮೊದಲ ಜೆಟ್ ಇಳಿಸಿದಾಗ ಅವರಿನ್ನೂ ಲೆಫ್ಟಿನೆಂಟ್. ಓಲಾಡುವ ಹಡಗು, ಗಿಡ್ಡ ರನ್‌ವೇ. ವಿಮಾನದ ಬಾಲದ ಕೊಕ್ಕೆ ಅಡ್ಡ ಬಿಗಿದ ಉಕ್ಕಿನ ಹಗ್ಗಕ್ಕೆ ಸಿಕ್ಕರೆ ಸರಿ, ತಪ್ಪಿದರೆ ಆ ಕ್ಷಣವೇ ಮತ್ತೆ ಮೇಲೇರಬೇಕು. ಆದರೆ ಹಾರಾಟವೊಂದೇ ಸಾಲದು, ಹಡಗು ನಡೆಸಿಯೂ ಸೈ ಎನಿಸಿಕೊಳ್ಳಬೇಕು. ಮುಂದೆ ಅವರು ಅದೇ ವಿಕ್ರಾಂತ್‌ನ ಕ್ಯಾಪ್ಟನ್ ಆದರು. 1984ರಿಂದ 1987ರವರೆಗೆ ನೌಕಾಪಡೆಯ ಮುಖ್ಯಸ್ಥರಾಗಿದ್ದರು. ಆಮೇಲೆ ಸಿಕ್ಕಿಂ ರಾಜ್ಯಪಾಲರೂ ಆದರು.

ನಾನಿರುವುದು ಗೋವಾದ ವಾಸ್ಕೋದಲ್ಲಿ. ಹುಬ್ಬಳ್ಳಿಯಿಂದ ನೆಂಟರು ಬಂದರೆ ಮೊದಲು ಬೋಗ್ಮಾಲೊದ ನೌಕಾ ವಿಮಾನ ಸಂಗ್ರಹಾಲಯಕ್ಕೇ ಕರೆದೊಯ್ಯುತ್ತೇನೆ, ಬೀಚ್ ಆಮೇಲೆ. ಅಲ್ಲಿ ನಿಂತಿರುವ, ಆಗ ವಿಕ್ರಾಂತ್ ಮೇಲಿಂದ ಹಾರುತ್ತಿದ್ದ ಬಗೆಯ ಸೀ ಹಾಕ್ ಜೆಟ್ ನಾವು ಊಹಿಸಿದ್ದಕ್ಕಿಂತ ಪುಟ್ಟದು.