ಗನ್ ಸಿಕ್ಕಿಸಿದರೆ ಸಾಕು, ಬಿಲ್ ತಾನಾಗಿ ಆಗಬೇಕು: ಚಾರ್ಜಿಂಗ್ ಸ್ಟೇಷನ್ ನಡೆಸುವವರ ಪ್ರಶ್ನೆಗಳು

ಆ್ಯಪ್ ತೆರೆಯುವಂತಿಲ್ಲ, ಕ್ಯೂಆರ್ ಸ್ಕ್ಯಾನ್ ಇಲ್ಲ, ಕಾರ್ಡ್ ತೋರಿಸುವುದೂ ಇಲ್ಲ. ಎಲೆಕ್ಟ್ರಿಕ್ ಕಾರಿಗೆ ಚಾರ್ಜರಿನ ಗನ್ (ತಂತಿಯ ತುದಿಯ ಪ್ಲಗ್) ಸಿಕ್ಕಿಸಿದ ಕೂಡಲೇ ಚಾರ್ಜ್ ಶುರುವಾಗಿ ಹಣ ತಾನಾಗಿ ಕಡಿತವಾಗಬೇಕು. ಈ ಬಾರಿ ಬಂದ ಪ್ರಶ್ನೆಗಳೆಲ್ಲ ಈ ವ್ಯವಸ್ಥೆಯ ಸುತ್ತಲೇ ಇವೆ. ಇದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಬಂದಿರುವ ಕಾರು ಯಾರದ್ದೆಂದು ಗುರುತಿಸುವುದು ಒಂದು, ಆ ಗುರುತಿನ ಮೇಲೆ ಹಣ ವಸೂಲು ಮಾಡುವುದು ಇನ್ನೊಂದು. ಚಾರ್ಜರ್ ಮಾರುವವರು ಮೊದಲನೆಯದನ್ನಷ್ಟೇ ತೋರಿಸುತ್ತಾರೆ. ನಮ್ಮಲ್ಲಿ ಹೆಚ್ಚು ತೊಡಕಿರುವುದು ಎರಡನೆಯದರಲ್ಲಿ.

ಪ್ರಶ್ನೆ: ನಮ್ಮಲ್ಲಿ 60 ಕಿಲೋವ್ಯಾಟ್‌ನ, ಎರಡು ಗನ್ನಿನ ನಾಲ್ಕು ಸಿಸಿಎಸ್2 (ಕಾರುಗಳ ವೇಗದ ಚಾರ್ಜಿಂಗ್ ಪ್ಲಗ್‌ನ ಒಂದು ಮಾದರಿ) ಚಾರ್ಜರ್‌ಗಳಿವೆ. ಸರ್ವರ್ ಜೊತೆ ಒಸಿಪಿಪಿ 1.6ರಲ್ಲಿ (ಚಾರ್ಜರ್ ಮತ್ತು ಸರ್ವರ್ ನಡುವಿನ ಸಂದೇಶಗಳ ಮಾನದಂಡ) ಮಾತಾಡುತ್ತವೆ. ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರೆ ಪ್ಲಗ್ ಆ್ಯಂಡ್ ಚಾರ್ಜ್ (ಕಾರಿನೊಳಗಿನ ಸರ್ಟಿಫಿಕೇಟಿನಿಂದಲೇ ಗುರುತು ಹಿಡಿಯುವ ವಿಧಾನ) ಬಂದುಬಿಡುತ್ತದೆ ಎನ್ನುತ್ತಾರೆ ಸರಬರಾಜುದಾರರು. ನಂಬಬಹುದೇ?
— ಹೆದ್ದಾರಿ ಹೋಟೆಲ್ ಮಾಲೀಕರು, ಶಿರಾ

ಅರ್ಧ ನಂಬಬಹುದು. ಸಿಸಿಎಸ್2 ಡಿಸಿ ಚಾರ್ಜರ್ ಕಾರಿನ ಜೊತೆ ಮಾತಾಡುವುದೇ ಗನ್ನಿನೊಳಗಿನ ಕಂಟ್ರೋಲ್ ಪೈಲಟ್ ಎಂಬ ಸಂಕೇತ ತಂತಿಯ ಮೇಲೆ ಹೋಗುವ ಪವರ್‌ಲೈನ್ ಸಂಕೇತದಿಂದ. ಹಾಗಾಗಿ ಮೋಡೆಮ್ ನಿಮ್ಮ ಪೆಟ್ಟಿಗೆಯಲ್ಲಿ ಈಗಾಗಲೇ ಇದೆ. ಇಲ್ಲದಿರಬಹುದಾದದ್ದು ಅದರ ಮೇಲಿನ ಪದರಗಳು.

ಕಾರು-ಚಾರ್ಜರ್ ಮಾತುಕತೆಯ ಮಾನದಂಡಗಳಲ್ಲಿ ಹಳೆಯ ಕಂಟ್ರೋಲರ್‌ಗಳಿಗೆ ಡಿಐಎನ್ 70121 ಮಾತ್ರ ಗೊತ್ತು. ಅದರಲ್ಲಿ ಗೂಢಲಿಪಿಯೂ ಇಲ್ಲ, ಸರ್ಟಿಫಿಕೇಟೂ (ಗುರುತನ್ನು ಸಾಬೀತು ಮಾಡುವ ಡಿಜಿಟಲ್ ಪತ್ರ) ಇಲ್ಲ. ಬೇಕಿರುವುದು ಐಎಸ್‌ಒ 15118-2. ಆದರೆ ಕರಪತ್ರದಲ್ಲಿ ಆ ಸಂಖ್ಯೆ ಕಂಡ ಮಾತ್ರಕ್ಕೆ ಸಮಾಧಾನಪಡಬೇಡಿ. ಅದೇ ಮಾನದಂಡದಲ್ಲಿ ಪಾವತಿಗೆ ಎರಡು ದಾರಿಗಳಿವೆ: ಆ್ಯಪ್ ಅಥವಾ ಆರ್‌ಎಫ್‌ಐಡಿ ಕಾರ್ಡಿನಂಥ ಹೊರಗಿನ ಗುರುತು ಒಂದು, ಮಾಲೀಕರ ಪಾವತಿ ಒಪ್ಪಂದವನ್ನು ಸೂಚಿಸುವ, ಕಾರಿನೊಳಗಿನ ಕಾಂಟ್ರ್ಯಾಕ್ಟ್ ಸರ್ಟಿಫಿಕೇಟ್ ಇನ್ನೊಂದು. ಮೊದಲನೆಯದನ್ನು ಮಾತ್ರ ಅಳವಡಿಸಿ '15118 ಇದೆ' ಎಂದು ಹೇಳಿಕೊಳ್ಳಲು ಅಡ್ಡಿಯೇನಿಲ್ಲ. ಆದ್ದರಿಂದ ಒಂದು ನಿಜವಾದ ಸೆಷನ್ನಿನ, ಅಂದರೆ ಒಂದು ಸಲದ ಚಾರ್ಜಿನ, ಲಾಗ್ ಕೇಳಿ. ಚಾರ್ಜರ್ ತನ್ನಲ್ಲಿ ಏನೇನಿದೆ ಎಂದು ಕಾರಿಗೆ ಹೇಳುವ ಸರ್ವಿಸ್ ಡಿಸ್ಕವರಿ ಉತ್ತರದ ಪಾವತಿ ಆಯ್ಕೆಗಳಲ್ಲಿ 'ಕಾಂಟ್ರ್ಯಾಕ್ಟ್' ಕಾಣಬೇಕು, ಸೆಷನ್ ಟಿಎಲ್‌ಎಸ್ (ಗೂಢಲಿಪಿಯ ಸುರಕ್ಷಿತ ಸಂಪರ್ಕ) ಮೇಲೆ ನಡೆದಿರಬೇಕು. ಇವೆರಡೂ ಇಲ್ಲದ ಲಾಗ್ ಏನನ್ನೂ ಸಾಬೀತು ಮಾಡುವುದಿಲ್ಲ.

ಸಾಫ್ಟ್‌ವೇರಿನಿಂದ ಬಾರದ ಸಂಗತಿ ಖಾಸಗಿ ಕೀಲಿಯ (ಸರ್ಟಿಫಿಕೇಟಿನ ಜೋಡಿಯಾದ ರಹಸ್ಯ ಸಂಖ್ಯೆ) ಭದ್ರತೆ. ಕೀಲಿಯನ್ನು ಸಾಮಾನ್ಯ ಫ್ಲ್ಯಾಶ್ ಮೆಮೊರಿಯ ಫೈಲಿನಲ್ಲಿಟ್ಟರೆ ಪೆಟ್ಟಿಗೆ ತೆರೆದವರು ನಕಲು ಮಾಡಿಕೊಳ್ಳಬಹುದು. ಅದಕ್ಕೆ ಪ್ರತ್ಯೇಕ ಸೆಕ್ಯೂರ್ ಚಿಪ್ ಬೇಕು. ಬೋರ್ಡಿನಲ್ಲಿ ಇಲ್ಲವಾದರೆ ಬೋರ್ಡನ್ನೇ ಬದಲಿಸಬೇಕಾಗುತ್ತದೆ.

ಇನ್ನು ಒಸಿಪಿಪಿ 1.6ರಲ್ಲಿ ಕಾರಿನ ಸರ್ಟಿಫಿಕೇಟ್ ಸಾಗಿಸುವ ಸಂದೇಶಗಳೇ ಇಲ್ಲ. ಒಸಿಪಿಪಿಯನ್ನು ರೂಪಿಸುವ ಓಪನ್ ಚಾರ್ಜ್ ಅಲಯನ್ಸ್ ಅವನ್ನು 'ಡೇಟಾ ಟ್ರಾನ್ಸ್‌ಫರ್' ಸಂದೇಶದೊಳಗೆ ತುಂಬಿ ಕಳಿಸುವ ವಿಧಾನವೊಂದನ್ನು ಪ್ರಕಟಿಸಿದೆ. ಅದು ಚಾರ್ಜರ್ ಮತ್ತು ಸರ್ವರ್ ಎರಡೂ ಕಡೆ ಇರಬೇಕು. ಒಸಿಪಿಪಿ 2.0.1ರಲ್ಲಿ ಇವು ಮೂಲದಲ್ಲೇ ಇವೆ. ಅಂಗಳದ ಮೂಲೆಯಲ್ಲಿ ಹಳೆಯ ಭಾರತ್ ಡಿಸಿ-001 ಯಂತ್ರವೂ ಇದ್ದರೆ ಅದನ್ನು ಈ ಲೆಕ್ಕದಿಂದ ಕೈಬಿಡಿ. ಅದು ಕಾರಿನ ಜೊತೆ ಪವರ್‌ಲೈನ್ ಸಂಕೇತದಿಂದಲ್ಲ, ಕ್ಯಾನ್ ಎಂಬ ಬೇರೆ ಬಗೆಯ ತಂತಿಯಲ್ಲಿ ಮಾತಾಡುತ್ತದೆ.

ಪ್ರಶ್ನೆ: ಸರ್ಟಿಫಿಕೇಟ್ ಗೊಡವೆಯೇ ಬೇಡ, ಕಾರಿನ ಮ್ಯಾಕ್ ವಿಳಾಸ (ಸಂವಹನ ಮೋಡೆಮಿನ ಗುರುತಿನ ಸಂಖ್ಯೆ) ನೋಡಿ ಚಾರ್ಜ್ ಶುರು ಮಾಡೋಣ ಎನ್ನುತ್ತಾರೆ ನಮ್ಮ ಸಾಫ್ಟ್‌ವೇರ್‌ನವರು. ನಮ್ಮದು 40 ಕ್ಯಾಬ್‌ಗಳ ಫ್ಲೀಟ್.
— ಟ್ರಾವೆಲ್ಸ್ ವ್ಯವಸ್ಥಾಪಕರು, ಮೈಸೂರು

ನಿಮ್ಮ ಫ್ಲೀಟಿಗೆ ಸಾಕು, ಸಾರ್ವಜನಿಕರಿಗೆ ಸಾಲದು. ಇದಕ್ಕೆ ಆಟೋಚಾರ್ಜ್ ಎನ್ನುತ್ತಾರೆ. ಕಾರಿನ ಸಂವಹನ ಮೋಡೆಮಿನ 12 ಅಂಕಿ-ಅಕ್ಷರಗಳ ವಿಳಾಸದ ಮುಂದೆ 'ವಿಐಡಿ:' ಎಂದು ಸೇರಿಸಿ ಅದನ್ನೇ ಕಾರ್ಡ್ ಸಂಖ್ಯೆಯಂತೆ ಸರ್ವರಿಗೆ ಕಳಿಸುತ್ತಾರೆ. ಒಟ್ಟು 16 ಅಕ್ಷರ, ಒಸಿಪಿಪಿ 1.6 ಕೊಡುವ 20 ಅಕ್ಷರಗಳ ಜಾಗದಲ್ಲಿ ಆರಾಮಾಗಿ ಹಿಡಿಸುತ್ತದೆ.

ತೊಂದರೆ ಏನೆಂದರೆ ಈ ವಿಳಾಸ ಬಯಲಲ್ಲೇ ಹೋಗುತ್ತದೆ. ಪವರ್‌ಲೈನ್ ಮೋಡೆಮ್ ಮತ್ತು ಲ್ಯಾಪ್‌ಟಾಪ್ ಇರುವ ಕಿಲಾಡಿಗೆ ಅದನ್ನು ನಕಲಿ ಮಾಡುವುದು ಕಷ್ಟವಲ್ಲ. ಇದು ಗುರುತೇ ಹೊರತು ರುಜುವಾತಲ್ಲ. ಮಾರಿಹೋದ ಕಾರಿನ ವಿಳಾಸವನ್ನು ತೆಗೆಯದೇ ಇದ್ದರೆ ಹೊಸ ಮಾಲೀಕರು ನಿಮ್ಮ ಖಾತೆಯಲ್ಲಿ ಚಾರ್ಜ್ ಮಾಡಿಕೊಳ್ಳುತ್ತಿರುತ್ತಾರೆ, ತಿಳಿಯದೆಯೇ. ಸರ್ವಿಸ್‌ನಲ್ಲಿ ಕಾರಿನ ಚಾರ್ಜಿಂಗ್ ಕಂಟ್ರೋಲರ್ ಬದಲಾದರೆ ವಿಳಾಸವೂ ಬದಲಾಗಿ ಕಾರು ಅಪರಿಚಿತವಾಗುತ್ತದೆ.

ಆದ್ದರಿಂದ ಮೊದಲ ನೋಂದಣಿಯನ್ನು ಆ್ಯಪ್‌ನಿಂದ ಶುರು ಮಾಡಿದ ಸೆಷನ್ನಿನಲ್ಲೇ ಮಾಡಿಸಿ. ಮರುದಿನ ಬೇರೆ ಚಾರ್ಜರಿನಲ್ಲೂ ಅದೇ ವಿಳಾಸ ಬಂತೇ ನೋಡಿದ ಮೇಲೆ ಚಾಲೂ ಮಾಡಿ. ಬೇರೆ ತಯಾರಕರ ಚಾರ್ಜರುಗಳಾದರೆ ಈ ಪರೀಕ್ಷೆ ಇನ್ನೂ ಮುಖ್ಯ, ಏಕೆಂದರೆ ಡಿಐಎನ್‌ನಲ್ಲಿ ಈ ಕ್ಷೇತ್ರ 8 ಬೈಟ್, 15118-2ರಲ್ಲಿ 6 ಬೈಟ್. ಕೆಲವು ಚಾರ್ಜರುಗಳು ಹೆಚ್ಚುವರಿ ಸೊನ್ನೆಗಳನ್ನೂ ಸೇರಿಸಿ ಕಳಿಸಿಬಿಡುತ್ತವೆ. ಒಂದೇ ವಿಳಾಸ ಏಕಕಾಲಕ್ಕೆ ಎರಡು ಕಡೆ ಬಂದರೆ ಎರಡನೆಯದನ್ನು ತಡೆದು ಎಚ್ಚರಿಕೆ ಕಳಿಸಿ. ಪ್ರತಿ ಸೆಷನ್ನಿಗೆ ಮಿತಿ ಇರಲಿ: ಬ್ಯಾಟರಿ 30 ಯೂನಿಟಿನದಾದರೆ 35ಕ್ಕೆ ನಿಲ್ಲಿಸಿ.

ಪ್ರಶ್ನೆ: ಗುರುತಿಸುವುದು ಸರಿಹೋಯಿತು. ಚಾರ್ಜ್ ಮುಗಿದ ತಕ್ಷಣ ಯುಪಿಐ ಆಟೋಪೇಯಿಂದ ಹಣ ಕಡಿತ ಮಾಡಲು ಆಗುತ್ತಿಲ್ಲ. ಏಕೆ?
— ಸ್ಟೇಷನ್ ನಡೆಸುವವರು, ಹುಬ್ಬಳ್ಳಿ

ಮ್ಯಾಂಡೇಟ್, ಅಂದರೆ ತಾನಾಗಿ ಹಣ ಕಡಿತವಾಗಲು ಗ್ರಾಹಕರು ಮೊದಲೇ ಕೊಡುವ ಒಪ್ಪಿಗೆಯ ನಿಯಮವೇ ಹಾಗಿದೆ. ಒಮ್ಮೆ ಒಪ್ಪಿಗೆ ಪಡೆದರೆ ಸಾಮಾನ್ಯವಾಗಿ 15,000 ರೂಪಾಯಿವರೆಗಿನ ಕಡಿತಕ್ಕೆ ಪ್ರತಿ ಸಲ ಪಿನ್ ಬೇಡ, ನಿಜ. ಆದರೆ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಹೋಗಬೇಕು. ಅರ್ಧ ಗಂಟೆಯ ಚಾರ್ಜಿಗೆ ಇದು ಹೊಂದುವುದಿಲ್ಲ. ಫಾಸ್ಟ್ಯಾಗ್ ಮತ್ತು ಎನ್‌ಸಿಎಂಸಿ (ಮೆಟ್ರೋ, ಬಸ್ಸುಗಳಲ್ಲಿ ನಡೆಯುವ) ಕಾರ್ಡ್‌ಗಳಿಗೆ ತಾನಾಗಿ ಹಣ ತುಂಬಿಸುವುದಕ್ಕೆ 2024ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಈ ಸೂಚನೆಯಿಂದ ವಿನಾಯಿತಿ ಕೊಟ್ಟಿತು. ಆ ವಿನಾಯಿತಿಯಲ್ಲಿ ಚಾರ್ಜಿಂಗ್ ವಾಲೆಟ್ ಇಲ್ಲ. ಸೆಷನ್ ಮುಗಿದ ಮೇಲೆ ಮ್ಯಾಂಡೇಟ್ ಬಳಸುವುದೆಂದರೆ ಒಂದು ದಿನದ ಉದ್ರಿ ಕೊಟ್ಟಂತೆ. ಫ್ಲೀಟಿನವರಿಗೆ ಕೊಡಬಹುದು, ದಾರಿಹೋಕರಿಗೆ ಬೇಡ.

ಸದ್ಯಕ್ಕೆ ನಂಬಿಕಸ್ತ ದಾರಿ ಎಂದರೆ ಮುಂಗಡ ವಾಲೆಟ್. ನಿಮ್ಮ ಸ್ಟೇಷನ್‌ಗಳಲ್ಲಷ್ಟೇ ನಡೆಯುವ, ನಗದಾಗಿ ಹಿಂಪಡೆಯಲಾಗದ ವಾಲೆಟ್‌ಗೆ ರಿಸರ್ವ್ ಬ್ಯಾಂಕಿನ ಅನುಮತಿ ಬೇಕಿಲ್ಲ. ಅದೇ ವಾಲೆಟ್ಟನ್ನು ಬೇರೆ ಕಂಪನಿಯ ಸ್ಟೇಷನ್ನಿನಲ್ಲೂ ನಡೆಸಹೊರಟರೆ ಲೆಕ್ಕ ಬದಲಾಗುತ್ತದೆ. ಹೆಜ್ಜೆ ಇಡುವ ಮುನ್ನ ಲೆಕ್ಕಪರಿಶೋಧಕರ ಜೊತೆ ಕೂತು ಮಾತಾಡಿ.

ವಾಲೆಟ್ ಖಾಲಿಯಾಗುವ ಮೊದಲೇ ಚಾರ್ಜ್ ನಿಲ್ಲಬೇಕು. 60 ಕಿಲೋವ್ಯಾಟ್ ಚಾರ್ಜರ್ ಪೂರ್ಣ ವೇಗದಲ್ಲಿ ನಿಮಿಷಕ್ಕೆ ಒಂದು ಯೂನಿಟ್ ಕೊಡುತ್ತದೆ. ಯೂನಿಟಿಗೆ 18 ರೂಪಾಯಿ ಇಟ್ಟುಕೊಂಡರೆ, 18 ಶೇಕಡ ಜಿಎಸ್‌ಟಿ ಸೇರಿ ನಿಮಿಷಕ್ಕೆ 21.24 ರೂಪಾಯಿ. ಮೀಟರ್ ಮೌಲ್ಯ 60 ಸೆಕೆಂಡಿಗೊಮ್ಮೆ ಬರುತ್ತಿದ್ದು, ನಿಲ್ಲಿಸುವ ಆಜ್ಞೆ ತಲುಪಲು ತಡವಾಗುವುದೂ ಇದೆ ಎಂದಾದರೆ ಮೂರು ನಿಮಿಷದ ಹಣ, ಅಂದರೆ ಸುಮಾರು 64 ರೂಪಾಯಿ ಉಳಿದಿರುವಾಗಲೇ ನಿಲ್ಲಿಸುವ ಆಜ್ಞೆ ಹೋಗಬೇಕು. ಮೀಟರ್ ಅಂತರವನ್ನು 15 ನಿಮಿಷಕ್ಕೆ ಬಿಟ್ಟು 'ವಾಲೆಟ್ ಮೈನಸ್ ಆಗುತ್ತಿದೆ' ಎಂದರೆ ತಪ್ಪು ವಾಲೆಟ್ಟಿನದಲ್ಲ.

ಬಿಲ್ಲನ್ನು ಮೀಟರಿನ ಮೊದಲ ಮತ್ತು ಕೊನೆಯ ಓದಿನ ವ್ಯತ್ಯಾಸದಿಂದಲೇ ಮಾಡಿ, ಪವರ್ ಅನ್ನು ಸಮಯದಿಂದ ಗುಣಿಸಿ ಅಲ್ಲ. 25.4 ಯೂನಿಟಿಗೆ 457.20, ತೆರಿಗೆ 82.30, ಒಟ್ಟು 539.50. ದುಂಡಾಗಿಸುವುದು ಕೊನೆಯಲ್ಲಿ ಒಮ್ಮೆ ಮಾತ್ರ. ಚಾರ್ಜಿಂಗ್ ಎನ್ನುವುದು ಸೇವೆ, ತೆರಿಗೆ 18 ಶೇಕಡ ಎಂದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಅರ್ಜಿಯಲ್ಲಿ ಕರ್ನಾಟಕದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರ 2023ರಲ್ಲಿ ಹೇಳಿದೆ.

ನೆಟ್‌ವರ್ಕ್ ಹೋದಾಗ ಚಾರ್ಜರ್ ತನ್ನ 'ಸ್ಟಾಪ್' ಸಂದೇಶವನ್ನು ಸರತಿಯಲ್ಲಿಟ್ಟು, ಸಂಪರ್ಕ ಬಂದಾಗ ಕಳಿಸುತ್ತದೆ. ಉತ್ತರ ಸಿಗದಿದ್ದರೆ ಮತ್ತೆ ಕಳಿಸುತ್ತದೆ. ಒಂದೇ ವಹಿವಾಟು ಸಂಖ್ಯೆಗೆ ಎರಡನೇ ಸಲ ಬಂದ ಸ್ಟಾಪ್‌ಗೆ ಸರ್ವರ್ 'ಸರಿ' ಎನ್ನಬೇಕು, ಹಣ ಕಡಿತ ಮಾಡಬಾರದು. ಇದನ್ನು ಪರೀಕ್ಷಿಸದೆ ಸ್ವಯಂ ಕಡಿತ ಶುರು ಮಾಡಲೇಬೇಡಿ. ಆ್ಯಪ್‌ನಲ್ಲಿ ಪಾವತಿಸುವಾಗ ಗ್ರಾಹಕರೇ ಮೊತ್ತ ನೋಡಿ ತಡೆಯುತ್ತಿದ್ದರು, ಇಲ್ಲಿ ನೋಡುವವರು ಯಾರೂ ಇಲ್ಲ.

ಪ್ರಶ್ನೆ: ಪ್ರಯೋಗಾಲಯದಲ್ಲಿ ಪ್ಲಗ್ ಆ್ಯಂಡ್ ಚಾರ್ಜ್ ಸಲೀಸಾಗಿ ನಡೆಯುತ್ತದೆ. ಸ್ಟೇಷನ್ನಿನಲ್ಲಿ ಕೆಲವು ವಾರ ನಡೆದು, ಆಮೇಲೆ ಟಿಎಲ್‌ಎಸ್ ಹಂತದಲ್ಲೇ ನಿಲ್ಲುತ್ತದೆ.
— ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

'ಕೆಲವು ವಾರ' ಎಂಬ ಮಾತಿನಲ್ಲೇ ಮೊದಲ ಸುಳಿವಿದೆ. 15118-2ರ ಪ್ರಕಾರ ಚಾರ್ಜರಿನ ಸರ್ಟಿಫಿಕೇಟ್ ಬಾಳುವುದು ಎರಡು-ಮೂರು ತಿಂಗಳು ಮಾತ್ರ. ಮುಗಿಯಲು 30 ದಿನ ಇರುವಾಗಲೇ ಚಾರ್ಜರ್ ಹೊಸದಕ್ಕೆ ಅರ್ಜಿ ಕಳಿಸಬೇಕು. ಹೊಸದು ಕೈಗೆ ಬಂದು ಸರಿ ಎಂದಾಗುವವರೆಗೆ ಹಳೆಯದನ್ನು ಅಳಿಸಬಾರದು. ಸರ್ವರ್ ಜೊತೆಗಿನ ಸಂಪರ್ಕಕ್ಕೂ ಕ್ಲೈಂಟ್ ಸರ್ಟಿಫಿಕೇಟ್ ಬಳಸುತ್ತಿದ್ದರೆ ಅದರ ಮೇಲೆ ಇನ್ನೂ ಹೆಚ್ಚು ಕಣ್ಣಿರಲಿ: ಅದು ಮುಗಿದರೆ ಹೊಸದನ್ನು ಕೇಳಲಿಕ್ಕೂ ಚಾರ್ಜರ್ ಒಳಗೆ ಬರಲಾಗದು, ತಂತ್ರಜ್ಞರೇ ಹೋಗಬೇಕು.

ಎರಡನೆಯದು ಗಡಿಯಾರ. ಕರೆಂಟ್ ಹೋಗಿ ಬಂದಾಗ, ಬೋರ್ಡಿನ ಗುಂಡಿ ಬ್ಯಾಟರಿ ಸತ್ತಿದ್ದರೆ ಚಾರ್ಜರಿನ ಕಾಲ 1970ಕ್ಕೆ ಹೋಗುತ್ತದೆ. ಆಗ ಸರ್ಟಿಫಿಕೇಟುಗಳೆಲ್ಲ 'ಇನ್ನೂ ಜಾರಿಗೆ ಬಂದಿಲ್ಲ'. ಚಾರ್ಜರ್ ಶುರುವಾದಾಗ ಕಳಿಸುವ ಬೂಟ್ ನೋಟಿಫಿಕೇಶನ್‌ನ ಉತ್ತರದಲ್ಲಿ ಸರ್ವರ್ ಸಮಯ ಕೊಡುತ್ತದೆ ನಿಜ, ಆದರೆ ಸರ್ವರಿನ ಸರ್ಟಿಫಿಕೇಟ್ ನಂಬಲಿಕ್ಕೂ ಸರಿಯಾದ ಸಮಯ ಬೇಕಲ್ಲ! ಎನ್‌ಟಿಪಿಯಿಂದ (ಇಂಟರ್ನೆಟ್ಟಿನಲ್ಲಿ ಸಮಯ ಕೊಡುವ ಸೇವೆ) ಮೊದಲು ಗಡಿಯಾರ ಹೊಂದಿಸಿ, ಆಮೇಲೆ ಒಸಿಪಿಪಿ ಸಂಪರ್ಕ ತೆರೆಯುವಂತೆ ಅನುಕ್ರಮ ಬದಲಿಸಿ.

ಇವೆರಡೂ ಸರಿಯಿದ್ದು ಕೆಲವು ಕಾರುಗಳಲ್ಲಿ ಮಾತ್ರ ಕೆಟ್ಟರೆ ಸರ್ಟಿಫಿಕೇಟುಗಳ ಸರಪಳಿ ನೋಡಿ. ಕಾರು ನಂಬುವುದು ತನ್ನೊಳಗೆ ಇರುವ ವಿ2ಜಿ ರೂಟ್‌ಗಳನ್ನು (ಸರಪಳಿಯ ಬುಡದ ಸರ್ಟಿಫಿಕೇಟುಗಳು) ಮಾತ್ರ. ಟಿಎಲ್‌ಎಸ್ ಆರಂಭದಲ್ಲೇ ಅವು ಯಾವುವು ಎಂದು ಹೇಳುತ್ತದೆ. ನಿಮ್ಮ ಚಾರ್ಜರ್ ಅದಕ್ಕೆ ತಕ್ಕ ಸರಪಳಿಯನ್ನು, ನಡುವಿನ ಸಬ್ ಸಿಎ ಸರ್ಟಿಫಿಕೇಟುಗಳ ಸಮೇತ ಕೊಡಬೇಕು. ಕೊನೆಯ ಎಲೆಯನ್ನಷ್ಟೇ, ಅಂದರೆ ಚಾರ್ಜರಿನ ಸ್ವಂತ ಸರ್ಟಿಫಿಕೇಟನ್ನಷ್ಟೇ ಕೊಟ್ಟರೆ ಕಾರು ತಿರಸ್ಕರಿಸುತ್ತದೆ.

ಟಿಎಲ್‌ಎಸ್ ದಾಟಿದ ಮೇಲೆ ನಿಲ್ಲುವುದಾದರೆ ಸಮಯದ ಮಿತಿ ಅಳೆಯಿರಿ. ಸರ್ಟಿಫಿಕೇಟ್ ಅಳವಡಿಕೆಯ ಕೋರಿಕೆಗೆ ಕಾರು 5 ಸೆಕೆಂಡಷ್ಟೇ ಕಾಯುತ್ತದೆ, ಚಾರ್ಜರ್ 4.5ರಲ್ಲಿ ಉತ್ತರಿಸಬೇಕು. ಅಷ್ಟರಲ್ಲಿ ಸಂದೇಶ ಸರ್ವರಿಗೆ ಹೋಗಿ, ಅಲ್ಲಿಂದ ಸರ್ಟಿಫಿಕೇಟ್ ಕೊಡುವವರಲ್ಲಿಗೆ ಹೋಗಿ ವಾಪಸಾಗಬೇಕು. ಕಚೇರಿಯ ಫೈಬರ್‌ನಲ್ಲಿ ಆಗುವುದು ಬೇಸ್‌ಮೆಂಟಿನ 4ಜಿಯಲ್ಲಿ ಆಗದು. ಆಂಟೆನಾ ಮೇಲೆತ್ತಿ.

ಪ್ರಶ್ನೆ: ಹೊಸದಾಗಿ ಚಾರ್ಜರ್ ಕೊಳ್ಳುತ್ತಿದ್ದೇವೆ. ಟೆಂಡರಿನಲ್ಲಿ ಏನು ಬರೆಯಬೇಕು?
— ಅಪಾರ್ಟ್‌ಮೆಂಟ್ ಸಂಘ, ಮಂಗಳೂರು

ಮೊದಲಿಗೆ, ನಿವಾಸಿಗಳಿಗಷ್ಟೇ ಆದರೆ ಆರ್‌ಎಫ್‌ಐಡಿ ಕಾರ್ಡ್ ಮತ್ತು ತಿಂಗಳ ಬಿಲ್ ಧಾರಾಳ ಸಾಕು. ಹೊರಗಿನವರಿಗೂ ತೆರೆಯುವ ಯೋಚನೆ ಇದ್ದರೆ ಒಸಿಪಿಪಿ 2.0.1 ಕೇಳಿ. 15118-2 ಈಗಲೇ ಕಾಂಟ್ರ್ಯಾಕ್ಟ್ ಪಾವತಿ ಸಮೇತ ನಡೆಯಬೇಕು, ಅದರ ಮುಂದಿನ ಪೀಳಿಗೆಯ 15118-20ಕ್ಕೆ ಏರಿಸಲು ಬರಬೇಕು ಎಂದು ಬರೆಯಿರಿ. ಎರಡನೆಯದಕ್ಕೆ ಟಿಎಲ್‌ಎಸ್ 1.3 ಮತ್ತು 521 ಬಿಟ್‌ನ ಕೀಲಿ ಬೇಕು. 256 ಬಿಟ್ ಮಾತ್ರ ತಿಳಿದ ಸೆಕ್ಯೂರ್ ಚಿಪ್ ಇದ್ದರೆ ಮುಂದೆ ಬೋರ್ಡೇ ಬದಲು. ಗಡಿಯಾರದ ಬ್ಯಾಟರಿ, ಎರಡು ಸಿಮ್ ಜಾಗ, ಪ್ರತಿ ಗನ್ನಿಗೆ ಪ್ರತ್ಯೇಕ ಮೀಟರ್ ಇವನ್ನೂ ಸೇರಿಸಿ. ಕಾರ್ಡ್ ರೀಡರ್ ಮಾತ್ರ ಬಿಡಬೇಡಿ. ಸರ್ಟಿಫಿಕೇಟ್ ಕೈಕೊಟ್ಟಾಗ 'ಕಾರ್ಡ್ ತೋರಿಸಿ ಅಥವಾ ಆ್ಯಪ್ ಬಳಸಿ' ಎಂದು ಪರದೆಯ ಮೇಲೆ ಕನ್ನಡದಲ್ಲಿ ಬರಬೇಕು ಎಂಬುದನ್ನು ಸ್ವೀಕಾರ ಪರೀಕ್ಷೆಯಲ್ಲೇ ಸೇರಿಸಿ, ಕೊನೆಯ ಕಂತನ್ನು ಅದಾದ ಮೇಲೆ ಕೊಡಿ.