ಲೇಬಲ್ ಕರಾರಿಗೆ ಸಹಿ ಹಾಕುವ ಮುನ್ನ

ಪ್ರಶ್ನೆ: ಮನೆಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಟೆಕ್ನೋ ಸಂಗೀತ ಮಾಡುತ್ತೇನೆ. ಬರ್ಲಿನ್‌ನ ಒಂದು ಸಣ್ಣ ಲೇಬಲ್‌ಗೆ (ಸಂಗೀತ ಬಿಡುಗಡೆ ಮಾಡುವ ಕಂಪನಿಗೆ) ನನ್ನ ಡೆಮೊ ಹಿಡಿಸಿ, ಎರಡು ಟ್ರ್ಯಾಕ್‌ಗಳ ಇಪಿಗೆ, ಅಂದರೆ ಕಿರು ಆಲ್ಬಂಗೆ, ಕರಾರು ಕಳಿಸಿದ್ದಾರೆ. ಮುಂಗಡ ಇಲ್ಲ. ನಿವ್ವಳ ವರಮಾನದಲ್ಲಿ 50% ನನಗೆ. ಹಕ್ಕು ‘ಕೃತಿಸ್ವಾಮ್ಯ ಇರುವ ತನಕ’ ಅವರದು. ಮುಂದಿನ ಎರಡು ಬಿಡುಗಡೆಗಳನ್ನು ಮೊದಲು ಅವರಿಗೇ ತೋರಿಸಬೇಕಂತೆ. ಒಂದು ವಾರದೊಳಗೆ ಸಹಿ ಮಾಡಿ ಎನ್ನುತ್ತಿದ್ದಾರೆ. 50% ನ್ಯಾಯವೇ?
– ಓದುಗರು, ಮೈಸೂರು

ಉತ್ತರ: ಡ್ಯಾನ್ಸ್ ಸಂಗೀತದ ಸಣ್ಣ ಲೇಬಲ್‌ಗಳಲ್ಲಿ ಅರ್ಧಕ್ಕರ್ಧ ಪಾಲು ವಾಡಿಕೆಯದೇ. ಆದರೆ ನಿಮ್ಮ ಕರಾರಿನಲ್ಲಿ ತಲೆಕೆಡಿಸಿಕೊಳ್ಳಬೇಕಾದದ್ದು ಆ 50% ಅಲ್ಲ. ಹಕ್ಕು ಎಷ್ಟು ವರ್ಷಕ್ಕೆ, ನಿವ್ವಳ ಎಂದರೆ ಏನು ಕಳೆದ ಮೇಲೆ, ಟ್ರ್ಯಾಕ್ ನಿಮಗೆ ಮರಳುವುದು ಯಾವಾಗ, ಈ ಮೂರನ್ನು ಮೊದಲು ನೋಡಿ.

ಅವಧಿಯಿಂದಲೇ ಶುರು ಮಾಡೋಣ. ಧ್ವನಿಮುದ್ರಣದ ಕೃತಿಸ್ವಾಮ್ಯ ಭಾರತದಲ್ಲಿ ಪ್ರಕಟವಾದ ಮರುವರ್ಷದಿಂದ 60 ವರ್ಷ, ಜರ್ಮನಿಯಲ್ಲಿ 70 ವರ್ಷ. ‘ಕೃತಿಸ್ವಾಮ್ಯ ಇರುವ ತನಕ’ ಎಂದು ಬರೆದುಕೊಟ್ಟರೆ ನಿಮ್ಮ ಜೀವಮಾನದಲ್ಲಿ ಆ ಟ್ರ್ಯಾಕ್ ಕೈಗೆ ಬರುವುದಿಲ್ಲ. ಒಬ್ಬಿಬ್ಬರೇ ನಡೆಸುವ ಲೇಬಲ್‌ಗಳು ಕೆಲವೇ ವರ್ಷಗಳಲ್ಲಿ ಮುಚ್ಚುವುದು ಹೊಸದೇನಲ್ಲ. ಮುಚ್ಚಿದ ಮೇಲೆ ಇಮೇಲ್‌ಗೆ ಉತ್ತರಿಸುವವರಿರುವುದಿಲ್ಲ, ಟ್ರ್ಯಾಕ್ ಮಾತ್ರ ಅವರ ಖಾತೆಯಲ್ಲೇ ಸಿಕ್ಕಿಕೊಂಡಿರುತ್ತದೆ. ಆದ್ದರಿಂದ ಹಕ್ಕನ್ನು ಪೂರ್ತಿ ವರ್ಗಾಯಿಸಬೇಡಿ, 5 ವರ್ಷ ಅವರಿಗೆ ಮಾತ್ರ ಬಳಸಲು ಬಿಡುವ ವಿಶೇಷ (ಎಕ್ಸ್‌ಕ್ಲೂಸಿವ್) ಲೈಸೆನ್ಸ್ ಕೊಡುತ್ತೇನೆ ಎಂದು ಕೇಳಿ. 7 ಎಂದರೂ ಒಪ್ಪಬಹುದು. ಮುಂಗಡವಿಲ್ಲದ ಕರಾರಿಗೆ 10 ವರ್ಷಕ್ಕಿಂತ ಮೇಲೆ ಹೋಗುವುದು ನಮಗೆ ಸರಿಕಾಣುವುದಿಲ್ಲ. ತಾನಾಗಿ ನವೀಕರಣವಾಗುವ ಷರತ್ತು ಇದೆಯೇ ನೋಡಿ. ಇದ್ದರೆ ನೋಟಿಸ್ ಕೊಡಬೇಕಾದ ದಿನಾಂಕವನ್ನು ಕ್ಯಾಲೆಂಡರಿಗೆ ಹಾಕಿಕೊಳ್ಳಿ. ಜೊತೆಗೆ ಎರಡು ಸಾಲು ಸೇರಿಸಲು ಹೇಳಿ: ಸಹಿಯಾದ 9 ತಿಂಗಳೊಳಗೆ ಬಿಡುಗಡೆ ಆಗದಿದ್ದರೆ ಹಕ್ಕು ಮರಳುತ್ತದೆ, ಸತತ ಎರಡು ಬಾರಿ ಲೆಕ್ಕ ಕೊಡದೆ, ಬರಹದಲ್ಲಿ ಕೇಳಿದ 30 ದಿನದೊಳಗೂ ಸರಿಪಡಿಸದಿದ್ದರೆ ಆಗಲೂ ಮರಳುತ್ತದೆ.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂನಲ್ಲಿ ಇದಕ್ಕೆ ಸ್ವಲ್ಪ ರಕ್ಷಣೆ ಇದೆ. ಅವಧಿ ಬರೆಯದಿದ್ದರೆ 5 ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದೂ ಅದು ತಿಳಿಯುತ್ತದೆ. ಕರಾರಿನಲ್ಲಿ ಬೇರೇನೂ ಹೇಳಿರದಿದ್ದರೆ, ಒಂದು ವರ್ಷ ಹಕ್ಕನ್ನು ಬಳಸದೆ ಬಿಟ್ಟಾಗ ವರ್ಗಾವಣೆ ಬಿದ್ದುಹೋಗುತ್ತದೆ. ಆದರೆ ನಿಮ್ಮ ಕಾಗದದ ಕೊನೆಯಲ್ಲಿ ‘ಜರ್ಮನ್ ಕಾನೂನು, ಬರ್ಲಿನ್ ನ್ಯಾಯಾಲಯ’ ಎಂದಿದ್ದರೆ ಇದನ್ನು ನೆಚ್ಚಿಕೊಂಡು ಕೂರುವಂತಿಲ್ಲ. ಬೇಕಾದದ್ದನ್ನು ಕರಾರಿನಲ್ಲೇ ಬರೆಸಿಕೊಳ್ಳಿ.

ಈಗ ನಿವ್ವಳ. ಅಂಗಡಿಗಳಿಂದ, ಸ್ಟ್ರೀಮಿಂಗ್‌ನಿಂದ ನಿಮ್ಮ ಇಪಿಗೆ 400 ಯೂರೊ ಬಂತು ಎಂದಿಟ್ಟುಕೊಳ್ಳಿ. ಟ್ರ್ಯಾಕನ್ನು ಅಂಗಡಿ, ಸ್ಟ್ರೀಮಿಂಗ್ ತಾಣಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್ 20% ಹಿಡಿದರೆ ಲೇಬಲ್‌ಗೆ 320. ಮಾಸ್ಟರಿಂಗ್‌ಗೆ (ಬಿಡುಗಡೆಗೆ ಮುನ್ನ ಧ್ವನಿಯನ್ನು ಕೊನೆಯದಾಗಿ ಹದಗೊಳಿಸುವುದಕ್ಕೆ) 60, ಮುಖಚಿತ್ರಕ್ಕೆ 50, ಡಿಜೆಗಳಿಗೆ ಪ್ರೊಮೊ ಕಳಿಸಿದ್ದಕ್ಕೆ 90 ಎಂದು 200 ಕಳೆದರೆ ಉಳಿದದ್ದು 120. ನಿಮ್ಮ ಅರ್ಧ 60 ಯೂರೊ. ಕನಿಷ್ಠ 100 ಯೂರೊ ಸೇರಿದರಷ್ಟೇ ಪಾವತಿ ಎಂದಿದ್ದರೆ ಆ 60 ಕೂಡ ಅವರ ಬಳಿಯೇ ಉಳಿಯಿತು. ಇಲ್ಲಿ ಯಾರೂ ಮೋಸ ಮಾಡಿಲ್ಲ, ಎಲ್ಲವೂ ಕರಾರಿನ ಪ್ರಕಾರವೇ ನಡೆದಿದೆ! ಅದಕ್ಕೇ ಕಳೆಯಬಹುದಾದ ಖರ್ಚುಗಳನ್ನು ಹೆಸರಿಸಿ ಬರೆಸಿ, ಒಟ್ಟು 150 ಯೂರೊ ಹೀಗೆ ಒಂದು ಮಿತಿ ಹಾಕಿಸಿ, ಅದಕ್ಕೆ ಮೀರಿದ್ದಕ್ಕೆ ನಿಮ್ಮ ಇಮೇಲ್ ಒಪ್ಪಿಗೆ ಬೇಕು ಎನ್ನಿ. ಒಂದು ಬಿಡುಗಡೆಯ ನಷ್ಟವನ್ನು ಇನ್ನೊಂದರ ಗಳಿಕೆಯಲ್ಲಿ ಮುರಿದುಕೊಳ್ಳುವ ಸಾಲು ಇದ್ದರೆ ತೆಗೆಸಿ. ಲೇಬಲ್ ಬೇರೆಯವರಿಂದ ರೀಮಿಕ್ಸ್ ಮಾಡಿಸಿದರೆ ಅವರ ಸಂಭಾವನೆ ಯಾರ ಪಾಲಿನಿಂದ ಹೋಗುತ್ತದೆ ಎಂಬುದನ್ನೂ ಕೇಳಿ. ಕನಿಷ್ಠ ಪಾವತಿಯನ್ನು 25 ಯೂರೊಗೆ ಇಳಿಸಲು ಹೇಳಿ. ಕರಾರು ಮುಗಿದಾಗ ಬಾಕಿ ಎಷ್ಟೇ ಇರಲಿ, ಕೊಡಬೇಕು. ಡಿಸ್ಟ್ರಿಬ್ಯೂಟರ್ ಕೊಟ್ಟ ಮೂಲ ಲೆಕ್ಕಪಟ್ಟಿಯನ್ನು ನೋಡುವ ಹಕ್ಕೂ ನಿಮಗಿರಲಿ.

‘ಮುಂದಿನ ಎರಡು ಬಿಡುಗಡೆ ಮೊದಲು ನಮಗೆ’ ಎಂಬುದರಲ್ಲಿ ಎರಡು ಬಗೆ. ಬರೀ ತೋರಿಸುವುದಾದರೆ ತೊಂದರೆಯಿಲ್ಲ. ಅವರು ಬೇಕೆಂದರೆ ಇದೇ ಷರತ್ತಿಗೆ ಕೊಡಲೇಬೇಕು ಎಂದಿದ್ದರೆ ನೀವು ಮೂರು ಬಿಡುಗಡೆಗಳಿಗೆ ಈಗಲೇ ಸಹಿ ಹಾಕಿದಂತೆ. ‘ಕಳಿಸಿದ 14 ದಿನದೊಳಗೆ ಉತ್ತರ ಬರದಿದ್ದರೆ ಬೇರೆಯವರಿಗೆ ಕೊಡಬಹುದು’ ಎಂಬ ಗಡುವು ಇರಬೇಕು. ಈ ಷರತ್ತು ನೀವು ಟೆಕ್ನೋಗೆ ಬಳಸುವ ಹೆಸರಿಗಷ್ಟೇ ಸೀಮಿತವಾಗಿರಲಿ. ನಾಳೆ ಬೇರೆ ಹೆಸರಿನಲ್ಲಿ ಆಂಬಿಯೆಂಟ್‌ನಂಥ ಬೇರೆ ಬಗೆಯ ಸಂಗೀತ ಮಾಡಿದರೆ ಅದು ಇದರೊಳಗೆ ಬರಬಾರದು.

ಇನ್ನೊಂದು ವಿಷಯವನ್ನು ಹೊಸಬರು ಓದದೆ ಬಿಡುತ್ತಾರೆ. ಒಂದು ಟ್ರ್ಯಾಕ್‌ನಲ್ಲಿ ಎರಡು ಹಕ್ಕುಗಳಿವೆ: ಮುದ್ರಿಕೆಯದು, ಅಂದರೆ ಮಾಸ್ಟರ್, ಸಂಯೋಜನೆಯದು, ಅಂದರೆ ಪಬ್ಲಿಷಿಂಗ್. ಲೇಬಲ್‌ಗೆ ಬೇಕಿರುವುದು ಮೊದಲನೆಯದು. ಎರಡನೆಯದರ ಅರ್ಧವನ್ನೂ ತನ್ನ ಪಬ್ಲಿಷಿಂಗ್ ಶಾಖೆಗೆ ಬರೆಸಿಕೊಳ್ಳುವ ಸಾಲು ಎಲ್ಲೋ ನಡುವೆ ಕೂತಿರುತ್ತದೆ. ಅದಕ್ಕೆ ಬದಲಾಗಿ ಏನು ಮಾಡಿಕೊಡುತ್ತೀರಿ ಎಂದು ಕೇಳಿ. ಉತ್ತರ ಇಲ್ಲದಿದ್ದರೆ ಹೊಡೆದುಹಾಕಿ. ನೀವು ಐಪಿಆರ್‌ಎಸ್‌ನ (ಭಾರತದಲ್ಲಿ ಸಂಯೋಜಕರ, ಗೀತಕಾರರ ರಾಯಲ್ಟಿ ಸಂಗ್ರಹಿಸುವ ಸಂಸ್ಥೆ) ಸದಸ್ಯರಾಗಿದ್ದರೆ ಸಂಯೋಜನೆಯ ಸಾರ್ವಜನಿಕ ಪ್ರದರ್ಶನ ಹಕ್ಕನ್ನು ಆಗಲೇ ಸಂಸ್ಥೆಗೆ ಕೊಟ್ಟಿರುತ್ತೀರಿ, ಅದನ್ನೇ ಮತ್ತೊಬ್ಬರಿಗೆ ಕೊಡಲು ಬರುವುದಿಲ್ಲ. ಇದನ್ನು ಲೇಬಲ್‌ಗೆ ಮೊದಲೇ ತಿಳಿಸಿ. ಸದಸ್ಯರಲ್ಲದಿದ್ದರೆ ಬಿಡುಗಡೆಗೆ ಮುನ್ನ ಆಗಿಬಿಡಿ. ಜರ್ಮನಿಯ ಕ್ಲಬ್, ರೇಡಿಯೊಗಳ ದುಡ್ಡನ್ನು ಅಲ್ಲಿ ಗೇಮಾ ಎಂಬ ಅಂಥದೇ ಸಂಸ್ಥೆ ಸಂಗ್ರಹಿಸುತ್ತದೆ. ಟ್ರ್ಯಾಕ್ ನಿಮ್ಮ ಹೆಸರಿನಲ್ಲಿ ಎಲ್ಲೂ ನೋಂದಣಿಯಾಗಿಲ್ಲದಿದ್ದರೆ ಅದು ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ. ನಮ್ಮ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿಯಂತೆ, ಸಂಯೋಜಕನು ರಾಯಲ್ಟಿಯ ಸಮಪಾಲನ್ನು ಲೇಬಲ್‌ಗೆ ಬಿಟ್ಟುಕೊಡುವ ಕರಾರೇ ಅಸಿಂಧು. ಹೀಗೊಂದು ನಿಯಮವಿದೆ ಎಂದು ಪತ್ರದಲ್ಲಿ ಹೇಳಿದರೆ ಮಾತುಕತೆಯಲ್ಲಿ ಬಲ ಬರುತ್ತದೆ.

ಇತ್ತೀಚಿನ ಕರಾರುಗಳಲ್ಲಿ ಎಐ ತರಬೇತಿಗೆ ಮುದ್ರಿಕೆ ಬಳಸುವ ಅನುಮತಿಯೂ ಸೇರಿಕೊಳ್ಳುತ್ತಿದೆ. ಇದ್ದರೆ ತೆಗೆಸಿ.

ವಾರದ ಗಡುವಿಗೆ ಹೆದರಬೇಡಿ. ‘ಟ್ರ್ಯಾಕ್ ನಿಮಗೇ ಕೊಡುವ ಮನಸ್ಸಿದೆ, ಅವಧಿ, ಖರ್ಚು, ಮುಂದಿನ ಬಿಡುಗಡೆ, ಪಬ್ಲಿಷಿಂಗ್, ಈ ನಾಲ್ಕರ ಸಾಲು ಬದಲಿಸಿಕೊಡಿ’ ಎಂದು ಎರಡು ಪ್ಯಾರಾದ ಮರ್ಯಾದೆಯ ಪತ್ರ ಬರೆಯಿರಿ. ಸಂಗೀತ ನಿಜವಾಗಿ ಹಿಡಿಸಿದವರು ಮಾತಿಗೆ ಬರುತ್ತಾರೆ. ನಾಲ್ಕರಲ್ಲಿ ಒಂದನ್ನೂ ಒಪ್ಪದೆ ಸಹಿಗೆ ಒತ್ತಾಯಿಸಿದರೆ ಬಿಟ್ಟುಬಿಡಿ, ಆ ಟ್ರ್ಯಾಕ್ ಇನ್ನೂ ನಿಮ್ಮದೇ.

ಪ್ರಶ್ನೆ: ನನ್ನ ಟ್ರ್ಯಾಕ್‌ನಲ್ಲಿ ಹಣ ಕೊಟ್ಟು ಕೊಂಡ ಲೂಪ್‌ಗಳಿವೆ (ಮತ್ತೆ ಮತ್ತೆ ನುಡಿಯುವ ಸಿದ್ಧ ಧ್ವನಿ ತುಣುಕುಗಳು). ಹಳೆಯ ಕ್ಯಾಸೆಟ್ಟಿನ ಕಂಸಾಳೆ ಪದವೊಂದರ ತುಣುಕೂ ಇದೆ. ‘ಎಲ್ಲವೂ ಸ್ವಂತದ್ದು’ ಎಂಬ ಷರತ್ತಿಗೆ ಸಹಿ ಮಾಡಬಹುದೇ?
– ಓದುಗರು, ಬೆಂಗಳೂರು

ಉತ್ತರ: ಹಾಗೇ ಮಾಡಬೇಡಿ. ಕೊಂಡ ಲೂಪ್ ಬಳಸಲು ನಿಮಗೆ ಅನುಮತಿ ಇದೆ, ಆದರೆ ಅದೇ ಅನುಮತಿ ಅದನ್ನು ಕೊಂಡ ಎಲ್ಲರಿಗೂ ಇದೆ. ಲೇಬಲ್ ನಿಮ್ಮ ಟ್ರ್ಯಾಕನ್ನು ಯೂಟ್ಯೂಬ್‌ನ ಕಂಟೆಂಟ್ ಐಡಿಗೆ (ವಿಡಿಯೊಗಳಲ್ಲಿನ ಸಂಗೀತವನ್ನು ತಾನಾಗಿ ಗುರುತಿಸುವ ವ್ಯವಸ್ಥೆ) ಹಾಕಿದರೆ ಅದೇ ಲೂಪ್ ಬಳಸಿದ ಇನ್ನಾರದೋ ವಿಡಿಯೊ ಮೇಲೆ ಹಕ್ಕಿನ ಕ್ಲೇಮ್ ಬೀಳುತ್ತದೆ, ಜಗಳ ನಿಮ್ಮ ಮನೆಗೆ ಬರುತ್ತದೆ. ಬಿಡಿ ಕಿಕ್, ಹ್ಯಾಟ್‌ಗಳಂಥ ಡ್ರಮ್ ಸದ್ದುಗಳಿಂದ ಸಾಮಾನ್ಯವಾಗಿ ಹೀಗಾಗದು. ಮಧುರ ಲೂಪ್‌ಗಳನ್ನು ಕತ್ತರಿಸಿ, ಸ್ವರ ಬದಲಿಸಿ, ಗುರುತು ಸಿಗದಂತೆ ಮಾಡಿ, ಇಲ್ಲವೇ ನೀವೇ ನುಡಿಸಿ.

ಕಂಸಾಳೆಯ ವಿಷಯ ಬೇರೆ. ಮಾದೇಶ್ವರನ ಪದಗಳು ಪರಂಪರೆಯವು, ಆದರೆ ಆ ಕ್ಯಾಸೆಟ್ಟಿನ ಮುದ್ರಣಕ್ಕೆ ಒಡೆಯರಿದ್ದಾರೆ, ಹಾಡಿದವರಿಗೂ 50 ವರ್ಷದ ಪ್ರದರ್ಶಕ ಹಕ್ಕಿದೆ. ಕ್ಯಾಸೆಟ್ ಕಂಪನಿಯ ಲಿಖಿತ ಅನುಮತಿ ಸಿಗದಿದ್ದರೆ ಒಂದು ಮೇಳವನ್ನು ಕೇಳಿ ಹೊಸದಾಗಿ ಮುದ್ರಿಸಿಕೊಳ್ಳಿ. ಕೊಟ್ಟ ಹಣ, ಬಳಕೆಯ ವ್ಯಾಪ್ತಿ, ಮುಂದಿನ ಪಾಲು, ಹಾಡಿದವರ ಹೆಸರು ಎಲ್ಲಿ ಬರುತ್ತದೆ ಎಂಬುದನ್ನು ಕನ್ನಡದಲ್ಲೇ ಬರೆದು, ಓದಿ ಹೇಳಿ, ಸಹಿ ಪಡೆಯಿರಿ. ಹೆಸರು ಹಾಕುವುದು ಅವರ ಹಕ್ಕು. ಕರಾರಿನ ನಷ್ಟಭರ್ತಿ ಷರತ್ತಿಗೆ (ಹಕ್ಕಿನ ತಕರಾರು ಬಂದರೆ ಲೇಬಲ್‌ನ ನಷ್ಟವನ್ನು ನೀವು ತುಂಬಿಕೊಡಬೇಕು ಎಂಬುದಕ್ಕೆ) ‘ಲೇಬಲ್‌ನಿಂದ ಕಲಾವಿದರು ಪಡೆದ ಮೊತ್ತದಷ್ಟು ಮಾತ್ರ’ ಎಂಬ ಮಿತಿಯನ್ನೂ ಹಾಕಿಸಿ.

ಪ್ರಶ್ನೆ: ಬಿಡುಗಡೆ ಮಾಡಿಕೊಡಲು ಒಂದು ಲೇಬಲ್ ₹15,000 ಪ್ರಚಾರ ಶುಲ್ಕ ಕೇಳಿದೆ. ಕೊಡಲೇ?
– ಓದುಗರು, ದಾವಣಗೆರೆ

ಉತ್ತರ: ಬೇಡ. ಹಕ್ಕನ್ನೂ ಪಡೆದು ಹಣವನ್ನೂ ಕೇಳುವವರು ಲೇಬಲ್‌ನ ಕೆಲಸ ಮಾಡುತ್ತಿಲ್ಲ. ಕೈಯಿಂದ ಖರ್ಚು ಮಾಡುವುದೇ ಆದರೆ ಡಿಸ್ಟ್ರಿಬ್ಯೂಟರ್ ಮೂಲಕ ನೀವೇ ಬಿಡುಗಡೆ ಮಾಡಿ, ಮಾಸ್ಟರ್ ನಿಮ್ಮಲ್ಲೇ ಉಳಿಯುತ್ತದೆ.

ಪ್ರಶ್ನೆ: ನನ್ನ 5 ವರ್ಷದ ಲೈಸೆನ್ಸ್ ಈ ವರ್ಷ ಮುಗಿಯುತ್ತದೆ. ಟ್ರ್ಯಾಕನ್ನು ನಾನೇ ಮತ್ತೆ ಹಾಕಿದರೆ ಈವರೆಗಿನ ಸ್ಟ್ರೀಮ್ ಎಣಿಕೆ ಹೋಗುತ್ತದೆಯೇ?
– ಓದುಗರು, ಮಂಗಳೂರು

ಉತ್ತರ: ಕ್ರಮವಾಗಿ ಮಾಡಿದರೆ ಸಾಮಾನ್ಯವಾಗಿ ಉಳಿಯುತ್ತದೆ. ಪ್ರತಿ ಮುದ್ರಿಕೆಗೆ 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಸಂಖ್ಯೆ ಇರುತ್ತದೆ, ಒಡೆತನ ಬದಲಾದರೂ ಅದು ಬದಲಾಗುವುದಿಲ್ಲ. ಆ ಸಂಖ್ಯೆಯನ್ನೂ ಮಾಸ್ಟರ್ ಮಾಡಿದ ವೇವ್ ಫೈಲನ್ನೂ ಲೇಬಲ್‌ನಿಂದ ಈಗಲೇ ಕೇಳಿ ಪಡೆಯಿರಿ. ಮಾಸ್ಟರಿಂಗ್ ಖರ್ಚು ಲೇಬಲ್‌ನದಾಗಿದ್ದರೆ ಆ ಫೈಲ್ ಬಳಸಲು ಲಿಖಿತ ಅನುಮತಿಯೂ ಇರಲಿ. ನಿಮ್ಮ ಡಿಸ್ಟ್ರಿಬ್ಯೂಟರ್‌ನಲ್ಲಿ ಅದೇ ಫೈಲ್, ಅದೇ ಶೀರ್ಷಿಕೆ, ಕಲಾವಿದರ ಹೆಸರಿನ ಅದೇ ಕಾಗುಣಿತ, ಅದೇ ಐಎಸ್‌ಆರ್‌ಸಿ ಕೊಡಿ. ಆಲ್ಬಂನ ಬಾರ್‌ಕೋಡ್ ಸಂಖ್ಯೆ ಮಾತ್ರ ಹೊಸದು. ಕೆಲವು ದಿನ ಎರಡೂ ಆವೃತ್ತಿ ಒಟ್ಟಿಗೆ ಇರಲು ಲೇಬಲ್‌ನ ಒಪ್ಪಿಗೆ ಪಡೆದು, ನಿಮ್ಮದರಲ್ಲಿ ಹಳೆಯ ಎಣಿಕೆ ಕಾಣಿಸಿದ ಮೇಲೆ ಅವರದನ್ನು ತೆಗೆಸಿ. ತೆಗೆದ ದಿನಾಂಕವನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಕೊನೆಯ ಲೆಕ್ಕ ಅಲ್ಲಿಯವರೆಗೆ ಬರಬೇಕು.